ಭಾರ ಎತ್ತುವ ಹುಡುಗರ ಮನೆಯವರಿಗೆ

ಕುಂದಾಪುರ ತಾಲ್ಲೂಕಿನ ವಂಡ್ಸೆಯ ಗುರುರಾಜ ಪೂಜಾರಿಯವರ ಹೆಸರು ನಿಮ್ಮ ಮನೆಯ ಹುಡುಗರಿಗೆ ಗೊತ್ತಿರಬಹುದು. ಅವರು ವಾಹನ ಚಾಲಕರೊಬ್ಬರ ಮಗ. 2008ರ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದದ್ದನ್ನು ಕಂಡು ಕುಸ್ತಿಯ ಆಸೆ ಹೊತ್ತವರು, ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ತರಬೇತುದಾರರ ಮಾತು ಕೇಳಿ ಭಾರ ಎತ್ತುವುದಕ್ಕೆ ತಿರುಗಿದರು. ಮುಂದೆ ವಾಯುಪಡೆ ಸೇರಿದರು. 2018ರಲ್ಲಿ ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದೇ.

ಅವರದು 56 ಕೆ.ಜಿ. ವಿಭಾಗ. ಸ್ನ್ಯಾಚ್‌ನಲ್ಲಿ, ಅಂದರೆ ನೆಲದಿಂದ ಒಂದೇ ಉಸಿರಿಗೆ ತಲೆಯ ಮೇಲಕ್ಕೆ, 111 ಕೆ.ಜಿ. ಕ್ಲೀನ್ ಅಂಡ್ ಜರ್ಕ್‌ನಲ್ಲಿ, ಅಂದರೆ ಮೊದಲು ಭುಜಕ್ಕೆ ತಂದು ಆಮೇಲೆ ಮೇಲಕ್ಕೆ, 138 ಕೆ.ಜಿ. ಅದನ್ನೂ ಕೊನೆಯ ಅವಕಾಶದಲ್ಲಿ ಎತ್ತಿದರು. ನಾಲ್ಕು ವರ್ಷದ ನಂತರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 118 ಮತ್ತು 151 ಎತ್ತಿ ಕಂಚು ಪಡೆದರು. ಲೆಕ್ಕ ಹಾಕಿ ನೋಡಿ: 138ರಿಂದ 151ಕ್ಕೆ 13 ಕಿಲೋ. ಕೋಚ್ ಇದ್ದು, ದಿನವೂ ಅಭ್ಯಾಸ ಮಾಡುವ ಪದಕ ವಿಜೇತನಿಗೆ ಅಷ್ಟು ಏರಲು ನಾಲ್ಕು ವರ್ಷ ಹಿಡಿಯಿತು.

ಇತ್ತ ನಮ್ಮ ಗುರುಗುಂಟಾದ ಕಡೆ ಕಾರಹುಣ್ಣಿಮೆಯೋ ಜಾತ್ರೆಯೋ ಬಂತೆಂದರೆ, ವರ್ಷವಿಡೀ ಭಾರ ಮುಟ್ಟದ ಹುಡುಗ ಗೆಳೆಯರ ಪಂತಕ್ಕೆ ಗುಂಡುಕಲ್ಲನ್ನೋ ಕ್ವಿಂಟಲ್ ಜೋಳದ ಚೀಲವನ್ನೋ ತಬ್ಬಿ ನಿಲ್ಲುತ್ತಾನೆ. ಮರುದಿನ ಸೊಂಟ ಹಿಡಿದುಕೊಂಡು ದವಾಖಾನೆಗೆ ಬರುತ್ತಾನೆ. ಎತ್ತುವ ಆಟ ಕೆಟ್ಟದ್ದೆಂದು ನಾನು ಹೇಳುವುದಿಲ್ಲ; ನೋಡಲು ನನಗೂ ಇಷ್ಟ.

ಯುನಾನಿಯಲ್ಲಿ ವ್ಯಾಯಾಮಕ್ಕೆ ರಿಯಾಜತ್ ಎನ್ನುತ್ತಾರೆ. ಇಬ್ನ್ ಸೀನಾ ‘ಅಲ್ ಕಾನೂನ್’ನಲ್ಲಿ ಅದಕ್ಕೆ ಅಳತೆ ಕೊಟ್ಟಿದ್ದಾರೆ: ಮುಖದ ಬಣ್ಣ ಕಳೆಗಟ್ಟುತ್ತಾ, ಮೈ ಹಗುರವಾಗಿ ಆಡುತ್ತಿರುವವರೆಗೆ ಮಾಡಬೇಕು, ಅದು ಕುಂದಿದಾಗ ನಿಲ್ಲಿಸಬೇಕು. ವ್ಯಾಯಾಮಕ್ಕೆ ಮೊದಲು ಮೈ ಸಿದ್ಧಗೊಳಿಸಲು, ಆಮೇಲೆ ದಣಿವಾರಿಸಲು ಮಾಲೀಶು, ಅಂದರೆ ದಲ್ಕ್. ಹೊಟ್ಟೆ ತುಂಬಿದಾಗ ಬೇಡ, ಹಸಿದು ಕಂಗೆಟ್ಟಾಗಲೂ ಬೇಡ. ಇಂದಿನ ಕೋಚ್‌ಗಳು ಹೇಳುವುದೂ ಹೆಚ್ಚುಕಡಿಮೆ ಇದೇ. ಜೊತೆಗೆ, ಭಾರ ಮೈಗೆ ಹತ್ತಿರವಿರಲಿ, ಬೆನ್ನು ಬಾಗದಿರಲಿ, ಮೊಣಕಾಲು ಮಡಿಸಿ ಕಾಲಿನ ಬಲದಿಂದ ಏಳಲಿ. ಹೊಲದಲ್ಲಿ ಚೀಲ ಹೊರುವ ಹಿರಿಯರಿಗೂ, ಕೊಡ ಎತ್ತುವ ಹೆಣ್ಣುಮಕ್ಕಳಿಗೂ ಈ ಮಾತು ಸಲ್ಲುತ್ತದೆ.

ತಾಕತ್ತಿನ ಪುಡಿ ಎಂದು ಮಾರುವ ಡಬ್ಬಿಗಳ ಬಗ್ಗೆ ಎಚ್ಚರ. ಹಕೀಮರ ಹೆಸರಿದ್ದರೂ ಸರಿ, ಒಳಗೇನಿದೆ ಎಂದು ಬರೆದಿಲ್ಲದಿದ್ದರೆ ಮುಟ್ಟಬೇಡಿ. ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸುತ್ತಾರೆ. ಸ್ನಾಯು ಬೇಗ ಉಬ್ಬುತ್ತದೆ. ಲಿವರ್ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಸಂತಾನಶಕ್ತಿಗೂ ಪೆಟ್ಟು. ಬೇಳೆ, ಮೊಟ್ಟೆ, ಹಾಲು, ಶೇಂಗಾ, ಖರ್ಜೂರ ಸಾಕು, ರಾತ್ರಿ ಸರಿಯಾಗಿ ನಿದ್ದೆ ಮಾಡಿದರೆ.

ತೊಡೆಸಂದಿನಲ್ಲಿ ನಿಂತಾಗ, ಕೆಮ್ಮಿದಾಗ ಗಂಟು ಕಂಡು, ಮಲಗಿದಾಗ ಒಳಗೆ ಹೋಗುತ್ತಿದ್ದರೆ ಅದು ಹರ್ನಿಯಾ ಇರಬಹುದು. ಹುಡುಗರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಅಬ್ಬಾ ಅಥವಾ ಅಣ್ಣ ಕೇಳಿ ತಿಳಿಯಬೇಕು. ಎಣ್ಣೆ, ಲೇಪ, ಪಟ್ಟಿಯಿಂದ ಅದು ವಾಸಿಯಾಗದು, ನನ್ನ ಔಷಧಿಯಿಂದಲೂ ಇಲ್ಲ. ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಗಂಟು ಗಟ್ಟಿಯಾಗಿ ಒಳಗೆ ಹೋಗದೆ, ನೋವು, ವಾಂತಿ ಶುರುವಾದರೆ ಬೆಳಗಾಗುವವರೆಗೆ ಕಾಯಬೇಡಿ, ಆ ರಾತ್ರಿಯೇ ಲಿಂಗಸುಗೂರಿನ ಆಸ್ಪತ್ರೆಗೆ ಹೊರಡಿ.