ಒಂದು ಚಿಟ್ಟೆ, ಎರಡು ವೇಷ

ವಸಂತವೆಂದೊಡನೆ ಹೂವಿಂದ ಹೂವಿಗೆ ಹಾರುವ ಚಿಟ್ಟೆಗಳ ಹಿಂಡು ಕಣ್ಣಮುಂದೆ ಬರುವುದು. ಆದರೆ ಇದು ಹಿಮ ಕರಗಿ ಹಸುರು ಚಿಗುರುವ ಶೀತದೇಶಗಳ ಚಿತ್ರ. ಕೋಲಾರದ ಬಯಲುಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಅದರ ಬಹುಭಾಗ ನವೆಂಬರಿನೊಳಗೆ ಮುಗಿದಿರುತ್ತದೆ. ಫಾಲ್ಗುಣದ ಹೊತ್ತಿಗೆ ಹುಲ್ಲು ಒಣಗಿ, ನೆಲದ ಮೇಲೆ ತರಗೆಲೆ ಹಾಸಿರುತ್ತದೆ. ಚಿಟ್ಟೆಗಳೂ ಮಳೆಗಾಲದಷ್ಟು ಕಾಣವು. ಹೀಗಿದ್ದರೂ ವಿದ್ಯಾರ್ಥಿಗೆ ಇದು ಬಹಳ ಒಳ್ಳೆಯ ಕಾಲ. ಏಕೆಂದರೆ ಈಗ ಕೆಲವು ಚಿಟ್ಟೆಗಳು ಒಣಋತುವಿನ ವೇಷದಲ್ಲಿರುತ್ತವೆ.

ಕೆರೆಯ ಅಂಚಿನಲ್ಲಿ, ತೇವವುಳಿದ ತಗ್ಗುಗಳಲ್ಲಿ, ಕಿತ್ತಳೆ ಬಣ್ಣದ ಒಂದು ಚಿಟ್ಟೆ ತಗ್ಗಾಗಿ ಹಾರಾಡುವುದನ್ನು ನೋಡಬಹುದು. ರೆಕ್ಕೆಯ ಮೇಲ್ಮೈಯಲ್ಲಿ ನವಿಲುಗರಿಯ ಕಣ್ಣನ್ನು ಹೋಲುವ ದೊಡ್ಡ ಬೊಟ್ಟುಗಳಿರುವುದರಿಂದ ಇದಕ್ಕೆ ಪೀಕಾಕ್ ಪ್ಯಾನ್ಸಿ ಎಂದು ಹೆಸರು. ಮಳೆಗಾಲದಲ್ಲಿ ಇದರ ಕೆಳಮೈಯಲ್ಲಿಯೂ ಕಣ್ಬೊಟ್ಟುಗಳು ಸ್ಪಷ್ಟವಾಗಿರುತ್ತವೆ. ಒಣಋತುವಿನಲ್ಲಿ ಅವು ಅಳಿಸಿಹೋಗಿ, ನಡುವೆ ಒಂದು ಗೆರೆಯೆಳೆದ ತರಗೆಲೆಯ ಬಣ್ಣ ಉಳಿಯುತ್ತದೆ. ರೆಕ್ಕೆಯ ತುದಿ ಕೋನವಾಗಿ ಚಾಚಿ, ಹಿಂದಿನ ರೆಕ್ಕೆಗೆ ಎಲೆಯ ತೊಟ್ಟಿನಂತಹ ಮೊನೆ ಮೂಡುತ್ತದೆ. ವ್ಯತ್ಯಾಸ ಎಷ್ಟೆಂದರೆ, 1758ರಲ್ಲಿ ಲಿನೀಯಸನು ಈ ಎರಡು ರೂಪಗಳನ್ನು ಎರಡು ಬೇರೆ ಜಾತಿಗಳೆಂದೇ ಹೆಸರಿಸಿದ್ದನು.

ತೋಪಿನ ನೆರಳಿನಲ್ಲಿ ಅಡಗಿದ್ದು ಮುಸ್ಸಂಜೆಯಲ್ಲಿ ಹಾರುವ ಈವ್ನಿಂಗ್ ಬ್ರೌನ್ ಚಿಟ್ಟೆಗೂ ಇಂತಹ ಎರಡು ವೇಷಗಳುಂಟು. ಇದರ ಬಳಗದ ಚಿಟ್ಟೆಗಳನ್ನು ಕಲ್ಕತ್ತೆಯಲ್ಲಿ ಮೊಟ್ಟೆಯಿಂದ ಸಾಕಿ, ಎರಡು ರೂಪಗಳೂ ಒಂದೇ ಜಾತಿಯವೆಂಬುದನ್ನು ಲಯೊನೆಲ್ ಡಿ ನಿಸೆವಿಲ್ 1886ರಲ್ಲಿ ಪ್ರಕಟಿಸಿದರು. ಮಳೆಗಾಲದಲ್ಲಿ ಚುರುಕಾಗಿರುವ ಚಿಟ್ಟೆಗೆ ಕಣ್ಬೊಟ್ಟು ಉಪಕಾರಿ: ಹಕ್ಕಿ, ಓತಿಗಳ ಕಚ್ಚು ದೇಹಕ್ಕೆ ಬೀಳದೆ ರೆಕ್ಕೆಯಂಚಿಗೆ ಬೀಳುತ್ತದೆ. ತರಗೆಲೆಗಳ ನಡುವೆ ಅಲುಗದೆ ಕುಳಿತಿರಬೇಕಾದ ಕಾಲದಲ್ಲಿ ಅದೇ ಬೊಟ್ಟು ಮೃತ್ಯುವನ್ನು ಕರೆಯುವುದು. ಈ ಬಳಗದಲ್ಲಿ ವೇಷವನ್ನು ನಿರ್ಧರಿಸುವುದರಲ್ಲಿ, ಹುಳುವು ಬೆಳೆಯುವಾಗ ಅನುಭವಿಸಿದ ಉಷ್ಣತೆಯ ಪಾತ್ರ ದೊಡ್ಡದು. ಅಂದರೆ ಇಂದು ಕಾಣುವ ರೆಕ್ಕೆಯ ಮೇಲೆ ಬರೆದಿರುವುದು ಇಂದಿನ ಹವೆಯಲ್ಲ, ಕೆಲವು ವಾರಗಳ ಹಿಂದಿನದು!

ಆದುದರಿಂದ ಛಾಯಾಚಿತ್ರ ತೆಗೆಯುವವರು ಬಣ್ಣದ ಮೇಲ್ಮೈಗೆ ಮರುಳಾಗಿ ಕೆಳಮೈಯನ್ನು ಬಿಡಬಾರದು. ಬೆಳಗಿನ ಹೊತ್ತು ಹೊರಡುವುದು ಲೇಸು. ತಂಪಾದ ಮೈಯಿಂದ ಚಿಟ್ಟೆ ಹಾರಲಾರದು. ಎದೆಯ ಸ್ನಾಯುಗಳು ಬಿಸಿಯಾಗುವ ತನಕ ಪ್ಯಾನ್ಸಿಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತವೆ. ಮುಳಬಾಗಿಲಿನ ಬೋಳುಬಂಡೆಗಳಂತಹ ಬಿಸಿಲು ಬೀಳುವ ಜಾಗಗಳಲ್ಲಿ ಸ್ವಲ್ಪ ಕಾಯಬೇಕು. ನಮ್ಮ ನೆರಳು ಅದರ ಮೇಲೆ ಬೀಳಕೂಡದು. ಬಗ್ಗಿ, ಬಹಳ ನಿಧಾನವಾಗಿ ಸಮೀಪಿಸಿ, ಕ್ಯಾಮರಾವನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿದರೆ ಇಡೀ ರೆಕ್ಕೆ ಸ್ಪಷ್ಟವಾಗಿ ಮೂಡುವುದು. ಮೊಬೈಲಿನ ಕ್ಯಾಮರಾ ಸಾಕು. ತಾಳ್ಮೆ ಮಾತ್ರ ಹೆಚ್ಚು ಬೇಕು. ಕೈಯಿಂದ ಹಿಡಿಯುವುದು ಬೇಡ, ರೆಕ್ಕೆಯ ಹುರುಪೆಗಳು ಉದುರುತ್ತವೆ.

ಎಲ್ಲಿ ನೋಡಬೇಕೆಂಬುದನ್ನು ಗಿಡಗಳೇ ತಿಳಿಸುತ್ತವೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಎಲೆಯ ನಡುನರದ ಉದ್ದಕ್ಕೂ ಮಲಗಿ ಮರೆಯಾಗುವ ಹಸುರು ಹುಳುವನ್ನು ಹುಡುಕಬಹುದು. ಅದು ಬ್ಯಾರನ್ ಎಂಬ ಕಂದು ಚಿಟ್ಟೆಯ ಮರಿ. ಮಾಲೂರಿನ ಕಡೆ ನೀಲಗಿರಿ ತೋಪಿನೊಳಗೆ ಹೊತ್ತು ಕಳೆಯುವುದಕ್ಕಿಂತ ಬೇಲಿಯ ಎಕ್ಕ, ತಂಗಡಿಗಳನ್ನು ನೋಡುವುದು ಮೇಲು. ಕೋಲಾರದ ಅಂತರಗಂಗೆಯ ಬಳಿ ಒದ್ದೆ ಮಣ್ಣಿನಿಂದ ಲವಣ ಹೀರಲು ಗಂಡುಗಳು ಇಳಿಯುತ್ತವೆಯೇ ಎಂದು ಗಮನಿಸಬೇಕು.

ಕೊನೆಗೆ ಕೆರೆಗಳಿಗೇ ಮರಳೋಣ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಈ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಪ್ರಾರಂಭವಾಯಿತು. ಹಿಂದೆ ಬೇಸಗೆಗೆ ಮುನ್ನವೇ ಬತ್ತುತ್ತಿದ್ದ ಕೆಲವು ಕೆರೆಗಳ ದಂಡೆ ಈಗ ಮಾರ್ಚಿಯಲ್ಲಿಯೂ ಹಸುರಾಗಿರುತ್ತದೆ. ಅಲ್ಲಿನ ಪೀಕಾಕ್ ಪ್ಯಾನ್ಸಿ ಯಾವ ವೇಷದಲ್ಲಿದೆ? ಉಷ್ಣತೆಯೊಂದೇ ಕಾರಣವಾದರೆ ನೀರಿರುವ ಕೆರೆಯಲ್ಲಿಯೂ ಒಣಕೆರೆಯಲ್ಲಿಯೂ ಒಂದೇ ರೂಪ ಕಾಣಬೇಕು. ತೇವಕ್ಕೂ ಮೇವಿಗೂ ಪಾತ್ರವಿದ್ದರೆ ಭೇದ ಕಾಣಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೊಮ್ಮೆ ಎರಡು ಬಗೆಯ ಕೆರೆಗಳಿಗೂ ಹೋಗಿ, ಪ್ರತಿ ಚಿಟ್ಟೆಯ ಕೆಳಮೈಯ ಚಿತ್ರ ತೆಗೆದು, ತಾರೀಖು, ಗಂಟೆ, ಕೆರೆಯ ಹೆಸರು, ಕುಳಿತಿದ್ದ ಗಿಡ ಇವನ್ನು ಅಂದೇ ಬರೆದಿಡಬೇಕು. ಒಂದೂ ಕಾಣದ ದಿನವನ್ನೂ ಬಿಡದೆ ಗುರುತಿಸಿಡಬೇಕು.