ಸಕಾರವು ಕಿವಿಗೆ ಚುಚ್ಚುವುದೇಕೆ?

ಉಮರ್ಗಾ, ನಿಲಂಗಾ, ಉದಗೀರ ಕಡೆಯ ಎಷ್ಟೋ ಮನೆಗಳಲ್ಲಿ ಶಹಾಬಾದ ಪರಸಿಯ ನೆಲ, ಕಲ್ಲಿನ ಗೋಡೆ, ಮೇಲೆ ತಗಡು. ನಮ್ಮ ಮನೆಯೂ ಹಾಗೆಯೇ. ಅಲ್ಲಿ ಮಲ್ಲಿಕಾರ್ಜುನ ಮನಸೂರರ ವಚನಗಾಯನ ಹಚ್ಚಿದರೆ 'ಸ', 'ಶ' ಎರಡೂ ಒಂದೇ ಸೀಟಿಯಂತೆ ಕೇಳುತ್ತಿದ್ದವು. ಹೊರಗೆ ಮರಾಠಿಯನ್ನೇ ಹೆಚ್ಚು ಕೇಳುವ ನಮ್ಮ ಮಕ್ಕಳ ಉಚ್ಚಾರದ ಪ್ರಶ್ನೆಯಾದುದರಿಂದ ಇದು ಬರಿಯ ಶೋಕಿಯ ಮಾತಲ್ಲ.

ತಪ್ಪು ಟ್ವೀಟರಿನದು, ಎಂದರೆ ತಾರಧ್ವನಿಯ ಸಣ್ಣ ಸ್ಪೀಕರಿನದು, ಎಂದು ತಿಳಿದು ಅದನ್ನು ಬದಲಿಸಿದೆವು. ಹಣ ಹೋಯಿತು, ಕರ್ಕಶತೆ ಹೋಗಲಿಲ್ಲ. ಆಂಪ್ಲಿಫಾಯರಿನ ಶಕ್ತಿಗೆ ಒಂದು ಮಿತಿಯಿದೆ. ಅದನ್ನು ಮೀರಿ ಧ್ವನಿ ಏರಿಸಿದರೆ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗಿ, ಮೂಲದಲ್ಲಿಲ್ಲದ ತಾರಧ್ವನಿಗಳು ಹುಟ್ಟಿ ಟ್ವೀಟರಿಗೆ ಹೋಗುತ್ತವೆ, ಅದನ್ನು ಸುಡಲೂಬಹುದು. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರಿಗೆ, 90 ಕೊಡುವುದಕ್ಕಿಂತ ಇಮ್ಮಡಿ ಶಕ್ತಿ ಬೇಕು. ನಮ್ಮದು 87, ಆಂಪ್ಲಿಫಾಯರೋ ಸಣ್ಣದು. ಸಾಲದ್ದಕ್ಕೆ ಒಂದೊಂದು ಬದಿಗೆ 8 ಓಮಿನ ಎರಡೆರಡು ಸ್ಪೀಕರುಗಳನ್ನು ಸಮಾನಾಂತರವಾಗಿ ಜೋಡಿಸಿದ್ದೆವು. ವಿಜ್ಞಾನದ ಪಾಠದಲ್ಲಿ ನೀವು ಓದಿದ ಸೂತ್ರದಂತೆ ಅದು 4 ಓಮ್ ಆಯಿತು. ಅಷ್ಟು ಪ್ರವಾಹ ಕೊಡಲಾರದೆ ಆಂಪ್ಲಿಫಾಯರು ಇನ್ನೂ ಬೇಗ ಸೋತಿತು.

ಈಗ ಬದಿಗೊಂದೇ ಸ್ಪೀಕರು, ಧ್ವನಿಯೂ ಹಿತಮಿತ. ಕಲ್ಲು, ತಗಡುಗಳು ತಾರಧ್ವನಿಯನ್ನು ತಿರುಗಿಸಿ ಎಸೆಯುತ್ತವೆ, ಬಟ್ಟೆ ಹೀರಿಕೊಳ್ಳುತ್ತದೆ; ಆದುದರಿಂದ ಗೋಡೆಗೆ ಅಜ್ಜಿಯ ಕೌದಿ ತೂಗುಹಾಕಿ ನೆಲಕ್ಕೆ ಜಮಖಾನೆ ಹಾಸಿದೆವು. (ಅಜ್ಜಿ ಎರಡು ದಿನ ಮಾತಾಡಲಿಲ್ಲ.) ಮೊನ್ನೆ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ವಚನ ಕೇಳುತ್ತ 'ಶರಣ' ಎಂದು ಸರಿಯಾಗಿ ಬರೆದಳು. 'ಷ'ದ ಗೊಂದಲ ಉಳಿದಿದೆ. ಅದು ಸ್ಪೀಕರಿನ ತಪ್ಪಲ್ಲ.