ತಕ್ಬೀರ್ ಹೇಳಿಕೊಡುವವರಿಗೆ

ಕರಾವಳಿಯ ಮಸೀದಿಯೊಂದರಲ್ಲಿ ಹಬ್ಬದ ತಕ್ಬೀರ್ ಹೇಳಿಕೊಡುತ್ತ ಕಲಿತದ್ದಿಷ್ಟು.

1. ಉಸಿರು ಉಳಿಸಿಕೊಂಡು ಹೇಳಿ. ಮೈಕ್ ಹಿಡಿದವರು ಅವಸರ ಮಾಡಿದರೆ ಹಿಂದಿನ ಸಾಲಿನ ಅಜ್ಜಂದಿರು ಅರ್ಧದಲ್ಲೇ ನಿಲ್ಲುತ್ತಾರೆ. ರಾಗಕ್ಕೆಂದು ‘ಅಕ್ಬರ್’ ಅನ್ನು ‘ಅಕ್ಬಾರ್’ ಎಂದು ಎಳೆಯಬೇಡಿ, ಅರ್ಥವೇ ಕೆಡುತ್ತದೆ.

2. ಎರಡು ಹಬ್ಬಗಳ ಲೆಕ್ಕ ಬೇರೆ. ನಮ್ಮ ಕಡೆಯ ಬ್ಯಾರಿಗಳಲ್ಲಿ ಹೆಚ್ಚಿನವರು ಶಾಫಿಈಗಳು. ಈದುಲ್ ಫಿತ್ರ್‌ಗೆ ರಮಝಾನಿನ ಕೊನೆಯ ದಿನ ಸೂರ್ಯ ಮುಳುಗಿದಲ್ಲಿಂದ ತಕ್ಬೀರ್ ಶುರು. ಮನೆ, ಅಂಗಡಿ, ದಾರಿ, ಎಲ್ಲಿ ಬೇಕಾದರೂ ಹೇಳಬಹುದು. ಬೆಳಿಗ್ಗೆ ಇಮಾಮರು ಈದ್ ನಮಾಝ್ ಶುರುಮಾಡಿದರೆ ಮುಗಿಯಿತು.

3. ಬಕ್ರೀದಿನದು ದೀರ್ಘ ಓಟ. ಹಜ್‌ಗೆ ಹೋಗದ ನಮಗೆ ದುಲ್‌ಹಜ್ಜ್ 9ರ, ಅಂದರೆ ಅರಫಾ ದಿನದ, ಸುಬ್‌ಹಿಯಿಂದ 13ರ ಅಸರ್‌ವರೆಗೆ ಪ್ರತಿ ಫರ್ಝ್ ನಮಾಝಿನ ಬಳಿಕ ತಕ್ಬೀರ್ ಇದೆ, ಒಟ್ಟು 23 ನಮಾಝ್. ಹಬ್ಬದ ದಿನ ಯಾರೂ ಹೇಳಿಕೊಡಬೇಕಾಗಿಲ್ಲ, ಮಸೀದಿಯೇ ಗುಡುಗುತ್ತದೆ. ಕಷ್ಟವಿರುವುದು 12ಕ್ಕೆ, 13ಕ್ಕೆ. ಮಾಂಸ ಹಂಚಿ ಆಗಿರುತ್ತದೆ, ಅಂಗಡಿ ಬಾಗಿಲು ತೆರೆದಿರುತ್ತದೆ, ಝುಹರ್‌ಗೆ ಬಂದವರು ಸಲಾಂ ಕೊಟ್ಟು ಚಪ್ಪಲಿ ಹುಡುಕುತ್ತಾರೆ. ಸಲಾಮಿನ ಬೆನ್ನಿಗೇ, ಯಾರೂ ಏಳುವ ಮೊದಲೇ, ಶುರುಮಾಡಿ. ಆಗ ಎದ್ದವರೂ ನಿಂತಲ್ಲೇ ದನಿಗೂಡಿಸುತ್ತಾರೆ. ನನ್ನ ಕೇಳಿದರೆ, ತಕ್ಬೀರ್ ಹೇಳಿಕೊಡುವವರ ಕೆಲಸ ನಿಜವಾಗಿ ಇರುವುದೇ ಈ ಎರಡು ದಿನ.

4. ಪಕ್ಕದಲ್ಲಿ ಹನಫಿ ಕೆಲಸಗಾರರಿದ್ದರೆ ಗಮನಿಸಿ. ನಾವು ‘ಅಲ್ಲಾಹು ಅಕ್ಬರ್’ ಅನ್ನು ಮೊದಲಿಗೆ ಮೂರು ಬಾರಿ ಹೇಳುತ್ತೇವೆ, ಅವರದು ಎರಡು. ಮೂರನೆಯದಕ್ಕೆ ದನಿಗಳು ಎಡವುತ್ತವೆ. ತಿದ್ದಲು ಹೋಗಬೇಡಿ, ಒಂದೆರಡು ಸುತ್ತಿನಲ್ಲಿ ತಾನಾಗಿ ಹೊಂದುತ್ತದೆ. ಈದ್ ನಮಾಝಿಗೆ ಮಾತ್ರ ಮುಂಚೆಯೇ ತಿಳಿಸಿಬಿಡಿ: ನಮ್ಮ ಹೆಚ್ಚುವರಿ ತಕ್ಬೀರ್ ಮೊದಲ ರಕಅತಿನಲ್ಲಿ 7, ಎರಡನೆಯದರಲ್ಲಿ 5. ಅವರು ರೂಢಿಯಾಗಿ ಹೇಳುವುದು ಮೂರು ಮೂರು. ತಿಳಿಸದಿದ್ದರೆ ಅರ್ಧ ಸಾಲು ರುಕೂಗೆ ಬಾಗಿಬಿಡುತ್ತದೆ.

5. ಹೆಂಗಸರನ್ನು ಬಿಡಬೇಡಿ. ಮುಟ್ಟಾದವರೂ ಈದ್‌ಗಾಹಿಗೆ ಬಂದು ಜನರೊಂದಿಗೆ ತಕ್ಬೀರ್ ಹೇಳುತ್ತಿದ್ದರೆಂದು ಉಮ್ಮು ಅತಿಯ್ಯಾ ಹೇಳಿದ್ದು ಬುಖಾರಿಯಲ್ಲಿದೆ. ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರೂ ಅದು ತಕ್ಬೀರೇ.

6. ಮಕ್ಕಳಿಗೆ ಕಲಿಸಲು ಆಡು ಸಾಕು. ದುಲ್‌ಹಜ್ಜಿನ ಮೊದಲ ಹತ್ತು ದಿನ ಆಡು, ಕುರಿ, ದನ ಕಂಡರೆ ತಕ್ಬೀರ್ ಹೇಳುವುದು ನಮ್ಮಲ್ಲಿ ಸುನ್ನತ್. ಓಣಿಯಲ್ಲಿ ಆಡು ‘ಮ್ಯಾ’ ಎಂದರೆ ಮದ್ರಸದ ಹುಡುಗರು ಪೈಪೋಟಿಗೆ ಬಿದ್ದು ಕೂಗುತ್ತಾರೆ, ಉಸ್ತಾದರ ಬೆತ್ತ ಬೇಕಾಗುವುದಿಲ್ಲ.